ಹೊಟ್ಟೆನೋವಲ್ಲ

ಹೆಂಡತಿಗೆ ನಾಲ್ಕು ತಿಂಗಳಿಂದ ಹೊಟ್ಟೆನೋವು ಎಂದು ಹುಲಗೇಶ ತನಗೆ ಬರುವಷ್ಟು ತೆಲುಗಿನಲ್ಲಿ ಹೇಳಿ ಮುಗಿಸಿದ. ಡಾಕ್ಟರ್ ನಳಿನಿ ಶೈಲಾಳನ್ನು ಮಲಗಿಸಿ ಹೊಟ್ಟೆಯನ್ನು ನಾಲ್ಕೂ ಕಡೆ ಒತ್ತಿ ನೋಡಿದರು. ಎಲ್ಲಿ ಒತ್ತಿದರೂ ಅವಳು ನೋವಿಲ್ಲವೆಂದು ತಲೆಯಾಡಿಸಿದಳು.

"ಮರಿ ಏಮೈಂದಮ್ಮಾ?" ಎಂದು ಡಾಕ್ಟರು ಅವಳನ್ನೇ ಕೇಳಿದರು.

ಏನಾಗಿದೆಯೆಂದು ಶೈಲಾಳಿಗೆ ಗೊತ್ತಿತ್ತು. ಹೇಳಲು ತೆಲುಗು ಬರುತ್ತಿರಲಿಲ್ಲ. ಕನ್ನಡದಲ್ಲೂ ಆ ಮಾತನ್ನು ಯಾರ ಮುಂದೂ ಆಡಿದವಳಲ್ಲ. ದೇವದುರ್ಗದ ಕಡೆಯಿಂದ ಶಂಶಾಬಾದಿಗೆ ಬಂದು ಗಂಡನ ಜೊತೆ ಗಾರೆ ಕೆಲಸಕ್ಕೆ ಸೇರಿದ ಮೇಲೆ ಶುರುವಾದ ತುರಿಕೆ. ಬುಟ್ಟಿ ಹೊತ್ತು ಮೆಟ್ಟಿಲೇರಿದರೆ ಉರಿ, ಮೂತ್ರಕ್ಕೆ ಕೂತರೆ ಉರಿ. ಹೊಲಸಿನಿಂದ ಬಂದದ್ದಿರಬೇಕೆಂದು ದಿನಕ್ಕೆ ಮೂರು ಸಲ, ಗಾಯ ತೊಳೆಯುವ ಔಷಧಿ ಬೆರೆಸಿದ ಬಿಸಿನೀರಿನಲ್ಲಿ, ವಾಸನೆಯ ಸೋಪು ಹಚ್ಚಿ ತೊಳೆದುಕೊಂಡಳು. ತೊಳೆದಷ್ಟೂ ಹೆಚ್ಚಾಯಿತು. ಪಕ್ಕದ ಶೆಡ್ಡಿನ ಪಾರ್ವತಿಬಾಯಿ ಯಾರದೋ ಕಥೆ ಹೇಳುತ್ತ, ತುರಿಕೆಯಿಂದ ಶುರುವಾದದ್ದು ಕ್ಯಾನ್ಸರಿಗೆ ಮುಟ್ಟಿತು ಎಂದ ದಿನದಿಂದ ತನಗೂ ಅದೇ ಎಂದುಕೊಂಡಳು. ಗಂಡ ಹತ್ತಿರ ಬಂದರೆ ಹೊಟ್ಟೆನೋವೆಂದು ಸರಿದುಕೊಳ್ಳುತ್ತಿದ್ದಳು. ಅದನ್ನೇ ನಂಬಿ ಅವನು ಕೆಲಸ ಬಿಟ್ಟು ಕರೆತಂದಿದ್ದ.

ಈಗ ಡಾಕ್ಟರಿಗೆ ಹೇಳಬೇಕೆಂದರೆ ಮೊದಲು ಅವನಿಗೆ ಹೇಳಬೇಕು.

"ಹೊಟ್ಟಿ ಅಲ್ಲರಿ," ಎಂದಳು ನೆಲ ನೋಡುತ್ತ. "ಕೆಳಗ... ಹೆಣ್ಮಕ್ಕಳ ಜಾಗಾದಾಗ. ಭಾಳ ತುರಸ್ತೈತಿ, ಉರೀತೈತಿ. ನೀವು ನನ್ನ ಮ್ಯಾಲೆ ಏನಾರ ಸಂಶೇ ಪಡ್ತೀರಂತ ಹೇಳ್ಲಿಲ್ಲ."

ಹುಲಗೇಶನ ಕಿವಿ ಕೆಂಪಾಯಿತು. "ನಾನಾ ನಿನಗ ಬ್ಯಾಸರಾಗೀನಿ ಅಂದ್ಕೊಂಡಿದ್ನಲ್ಲ, ಹುಚ್ಚಿ!"

ಅವನು ಡಾಕ್ಟರತ್ತ ತಿರುಗಿ ತೆಲುಗು ಹುಡುಕಾಡಿದ. ಕೈಯನ್ನು ಗಾಳಿಯಲ್ಲಿ ಎತ್ತಿ, ಮತ್ತೆ ಇಳಿಸಿ, "ಅಕ್ಕಡ", ಅಲ್ಲಿ, ಎಂದಷ್ಟೇ ಅಂದ. ಡಾಕ್ಟರಿಗೆ ಅಷ್ಟು ಸಾಕಾಯಿತು. ಅವನನ್ನು ಪರದೆಯಾಚೆ ನಿಲ್ಲಿಸಿ ಪರೀಕ್ಷೆ ಮಾಡಿದರು. ಅವರ ಪ್ರಶ್ನೆಯನ್ನು ಕನ್ನಡಕ್ಕೆ, ಅವಳ ಉತ್ತರವನ್ನು ತೆಲುಗಿಗೆ ಹುಲಗೇಶ ಆಚೆಯಿಂದಲೇ ದಾಟಿಸಿದ. ಮೂರನೆಯ ಪ್ರಶ್ನೆಯ ಹೊತ್ತಿಗೆ ತೊದಲುವುದು ನಿಂತಿತ್ತು.

"ಕ್ಯಾನ್ಸರ್ ಐತೇನು ಕೇಳ್ರಿ," ಎಂದಳು ಶೈಲಾ.

ಆಚೆಯಿಂದ ಅವನು ಅದನ್ನೂ ಕೇಳಿದ. ದನಿ ಒಡೆದಿತ್ತು.

"ಅದಿ ಕಾದಮ್ಮಾ!" ಎಂದು ಡಾಕ್ಟರು ನಕ್ಕು ಅವಳ ಮೊಣಕಾಲು ತಟ್ಟಿದರು. ಅದನ್ನು ಯಾರೂ ಅವಳಿಗೆ ಅನುವಾದಿಸಬೇಕಾಗಲಿಲ್ಲ.

ಆ ಔಷಧಿಗೂ ವಾಸನೆಯ ಸೋಪಿಗೂ ಚರ್ಮ ಕೆರಳಿದೆ, ಬರೀ ನೀರು ಸಾಕು, ಮುಲಾಮು ಹಚ್ಚು, ಸಡಿಲವಾದ ಹತ್ತಿಯ ಒಳಬಟ್ಟೆ ತೊಡು, ಹದಿನೈದು ದಿನಕ್ಕೆ ಮತ್ತೆ ಬಾ ಎಂದರು.

ಬಸ್ ಸ್ಟಾಪಿನ ಹತ್ತಿರದ ಬಟ್ಟೆ ಗಾಡಿಯ ಮುಂದೆ ಹುಲಗೇಶ ನಿಂತು, ಹೆಂಗಸರ ಹತ್ತಿ ಚಡ್ಡಿ ತೋರಿಸೆಂದು ಗಟ್ಟಿಯಾಗಿ ಕೇಳಿದ.

"ಸಾವಕಾಶ ಅನ್ರಿ, ಮಂದಿ ನೋಡಾಕತ್ತಾರ." ಶೈಲಾ ಅವನ ಅಂಗಿ ಜಗ್ಗಿದಳು.

"ನೋಡ್ಲಿ ಬಿಡು."

ಒಂದೊಂದನ್ನೇ ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಸಿಮೆಂಟು ತಿಂದ ಬೆರಳಿಗೆ ಯಾವುದು ಮೆದುವೆಂದು ತಿಳಿಯಲಿಲ್ಲ. ತುಂಬಿದ ಬೀದಿಯಲ್ಲಿ ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.