ಪೀರಪ್ಪ ಕಾಕಾನ ಹೊಸ ವಾದ್ಯ

ಸೈನ್ಯದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಸುಧಾಕರ ನಿವೃತ್ತನಾಗಿ ಕಲಬುರಗಿಗೆ ಬಂದು ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸಕ್ಕೆ ಸೇರಿದ. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಬೆರಳು ಸುಮ್ಮನಿರುತ್ತಿರಲಿಲ್ಲ. ಸೈನ್ಯದಲ್ಲಿದ್ದಾಗ ಕವಾಯತಿನ ಧಾಟಿಗಳ ಜೊತೆಗೆ ಅಧಿಕಾರಿಗಳ ಮೆಸ್ಸಿನಲ್ಲಿ ಹಳೆಯ ಕಾಲದ ಜಾಝ್ ನುಡಿಸುವುದಿತ್ತು. ಐದಾರು ಮಂದಿ ಒಟ್ಟಿಗೆ ಕೂತು, ಒಬ್ಬೊಬ್ಬರು ಒಂದೊಂದು ದಾರಿ ಹಿಡಿದು, ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಸೇರುವ ಆ ಸಂಗೀತ ಅವನ ಮೈಗೆ ಹತ್ತಿಬಿಟ್ಟಿತ್ತು. ಅಂಥದ್ದೊಂದು ಸಣ್ಣ ಮೇಳವನ್ನು ಇಲ್ಲಿಯೇ ಕಟ್ಟಬೇಕು ಅನ್ನಿಸಿದಾಗ ಅವನಿಗೆ ಮೊದಲು ನೆನಪಾದವನು ಕಮಲಾಪುರದ ಪೀರಪ್ಪ.

ಪೀರಪ್ಪ ಆಯುಷ್ಯವೆಲ್ಲ ಮದುವೆ ಬ್ಯಾಂಡಿನ ಮುಂದೆ ನಿಂತು ಟ್ರಂಪೆಟ್ ಊದಿದವನು. ಅಪ್ಪನಿಲ್ಲದ ಸುಧಾಕರನಿಗೆ ಕ್ಲಾರಿನೆಟ್ ಹಿಡಿಯುವುದನ್ನು ಕಲಿಸಿದ್ದು ಅವನೇ. ಸೈನ್ಯದ ಭರ್ತಿಗೆ ಸಿಕಂದರಾಬಾದಿನವರೆಗೆ ಜೊತೆಗೆ ಬಂದು, ಆಯ್ಕೆಯಾಗುವವರೆಗೂ ಗೇಟಿನ ಹೊರಗೆ ಕೂತಿದ್ದವನೂ ಅವನೇ. ಈಗ ಮದುವೆಗಳಿಗೆ ಡಿಜೆ ಬಂದ ಮೇಲೆ ಬ್ಯಾಂಡು ನಿಂತುಹೋಗಿ, ಪೀರಪ್ಪ ಮಹಾಗಾಂವದ ಹತ್ತಿರದ ತನ್ನ ತುಂಡು ಹೊಲದಲ್ಲಿ ತೊಗರಿ ಬೆಳೆದುಕೊಂಡಿದ್ದ. ಮೇಳ ಕಟ್ಟಿದರೆ ಟ್ರಂಪೆಟ್ ಅವನದೇ ಎಂದು ಸುಧಾಕರ ಮೊದಲೇ ತೀರ್ಮಾನಿಸಿದ್ದ.

ಮೊದಲ ಸಲ ಎಲ್ಲರೂ ಸೇರಿದ್ದು ಶಹಾಬಜಾರದ ಓಣಿಯಲ್ಲಿ, ಬುರ್ಹಾನುದ್ದೀನನ ಅಂಗಡಿಯಲ್ಲಿ. ಹಾರ್ಮೋನಿಯಂ ಪೇಟಿ, ತಬಲಾ, ಬ್ಯಾಂಡಿನ ಹಿತ್ತಾಳೆ ವಾದ್ಯಗಳನ್ನು ರಿಪೇರಿ ಮಾಡುವ ಅಂಗಡಿ ಅದು. ನಿಂತುಹೋದ ಬ್ಯಾಂಡುಗಳ ಸಾಮಾನೆಲ್ಲ ಅಲ್ಲಿಗೇ ಬಂದು ಗೋಡೆಗೆ ತೂಗುಬಿದ್ದಿತ್ತು. ಬುರ್ಹಾನುದ್ದೀನ್ ತಾನೇ ಡ್ರಮ್ ಬಾರಿಸುವುದಾಗಿ ಒಪ್ಪಿಕೊಂಡಿದ್ದ. ಅವನ ಮಗಳು ಸಬಾ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳೂ ಕುತೂಹಲದಿಂದ ಬಂದು ಕೂತಿದ್ದಳು.

"ಟ್ರಂಪೆಟ್ ಹಾಡು ಹಿಡಿತದ," ಎಂದು ಸುಧಾಕರ ವಿವರಿಸಿದ. "ಕ್ಲಾರಿನೆಟ್ ಅದರ ಮ್ಯಾಲ ಮ್ಯಾಲ ಬಳ್ಳಿ ಹಬ್ಬಿದಂಗ ಹೋಗ್ತದ. ಟ್ರೊಂಬೋನ್ ಕೆಳಗ ಜಗ್ತದ. ಬ್ಯಾಂಜೊ, ದಪ್ಪ ದನಿಯ ಬಾಸು, ಡ್ರಮ್ಮು ಮೂರೂ ಸೇರಿ ಲಯ ಕಾಯ್ತಾವ."

ಟ್ರೊಂಬೋನ್ ಅಂಗಡಿಯಲ್ಲಿ ಒಂದೇ ಇತ್ತು, ಅದರ ಜಗ್ಗುವ ಕೊಳವೆ ಡೊಂಕಾಗಿತ್ತು. ಊರಿನಲ್ಲಿ ಅದನ್ನು ಊದುವವರೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಿಡುವುದೆಂದಾಯಿತು, ಬಾಸಿನವನನ್ನು ಆಮೇಲೆ ಹುಡುಕುವುದೆಂದಾಯಿತು. ಬ್ಯಾಂಜೊ ಎಂದ ಕೂಡಲೇ ಬುರ್ಹಾನುದ್ದೀನ್ ಎದ್ದು ಒಳಗಿನಿಂದ ಒಂದು ಉದ್ದನೆಯ ಪೆಟ್ಟಿಗೆ ತಂದ. ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳಿದ್ದ ಅದು ರೋಜಾ ದರ್ಗಾದ ಕವ್ವಾಲಿ ಮೇಳಗಳಲ್ಲಿ ನುಡಿಸುವ ಬೆಂಜೊ.

"ಇದು ನಾ ಹೇಳಿದ ಬ್ಯಾಂಜೊ ಅಲ್ಲ ಭಾಯಿ. ಅದು ಸಿತಾರಿನಂಗ ಕುತಗಿ ಇದ್ದದ್ದು."

"ಹೆಸರು ಅದೇ ಅದಲ್ಲ, ಕೇಳಿ ತೊ ನೋಡ್ರಿ," ಎಂದು ಅವನು ಮಗಳ ಮುಂದಿಟ್ಟ.

ಸಬಾ ಚೆನ್ನಾಗಿಯೇ ನುಡಿಸಿದಳು. ಆದರೆ ಸುಧಾಕರ ಕ್ಲಾರಿನೆಟ್ ಸೇರಿಸಿದಾಗ ಎರಡೂ ಒಂದೇ ಹಾಡಿಗೆ ಕೈಹಾಕಿ ಎಳೆದಾಡಿದಂತಾಯಿತು. ಸಬಾಳೇ ನಗುತ್ತ ಕೈ ತೆಗೆದಳು. ಮೂಲೆಯಲ್ಲಿ ಟ್ರಂಪೆಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಪೀರಪ್ಪ ಆಗ ಬಾಯಿ ತೆರೆದ.

"ಪೇಟಿ ತಗೊಳವ್ವ. ಒಮ್ಮೆಗೆ ಮೂರ್ನಾಕು ಮನಿ ಒತ್ತು, ತಟ್ಟನೆ ಬಿಡು."

ಅವಳು ಹಾಗೆಯೇ ಮಾಡಿದಳು. ಗಾಳಿಯನ್ನು ಚಿಕ್ಕದಾಗಿ ತುಂಡರಿಸಿ ಸ್ವರಗಳ ಗುಚ್ಛ ಒತ್ತಿದಾಗ ಲಯಕ್ಕೆ ಒಂದು ನಡಿಗೆ ಬಂತು. ಸುಧಾಕರನ ಮುಖ ಅರಳಿತು. "ಇನ್ನ ನೀವು ಶುರು ಮಾಡ್ರಿ ಕಾಕಾ," ಎಂದ.

ಪೀರಪ್ಪ ಟ್ರಂಪೆಟನ್ನು ಒರೆಸಿ ಮತ್ತೆ ಚೀಲಕ್ಕೆ ಇಟ್ಟ. "ಇವತ್ತ ಗಂಟಲಾ ಕೆಟ್ಟದ. ಮುಂದಿನ ವಾರ ನೋಡೂಣು."

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನು ಮಾಡಿದರೆ ತೊಗರಿ ರಾಶಿ ನಡೆದಿದೆ ಎಂಬ ಉತ್ತರ. ತನ್ನಿಂದೇನಾದರೂ ತಪ್ಪಾಯಿತೇ ಎಂದು ಸುಧಾಕರನಿಗೆ ಚಿಂತೆ ಹತ್ತಿತು. ರಜೆಯ ದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ.

ಪೀರಪ್ಪ ಹೊಲದಿಂದ ಬಂದಿರಲಿಲ್ಲ. ಅವನ ಹೆಂಡತಿ ಹಣಮಮ್ಮ ನೀರು ಕೊಟ್ಟು, ಎದುರಿಗೆ ಕೂತಳು.

"ಅವರಿಗಿ ಸಿಟ್ಟ ಬಂದದೇನ್ ಕಾಕೂ?"

"ಸಿಟ್ಟ ಎಲ್ಲಿದಪ್ಪಾ. ಮುಂದಿನ ಹಲ್ಲ ಎಲ್ಲಾ ಹೋಗ್ಯಾವ. ಹೊಸಾ ಹಲ್ಲ ಕೂಡಿಸ್ಕೊಂಡಾರ. ಊಟಕ್ಕ ಏನೂ ತೊಂದ್ರಿ ಇಲ್ಲ, ಟ್ರಂಪೆಟ್ ತುಟಿಗಿ ಒತ್ತಿದ್ರ ಸರಿತಾವ, ಗಾಳಿ ಬಾಜೂಕ ಹೋಗ್ತದ. ದಿನಾ ಹೊಲದಾಗ ಒಬ್ರೇ ಕುಂತು ಊದಿ ನೋಡ್ತಾರ. ಬರವಲ್ದು. ನಿನಗ ಹ್ಯಾಂಗ ಹೇಳಬೇಕಂತ ಸುಮ್ಮ ಆಗ್ಯಾರ."

ಸುಧಾಕರ ಲೋಟ ಕೆಳಗಿಟ್ಟು ತಲೆ ತಗ್ಗಿಸಿದ. ಕಾಕಾ ಮಾತಿನ ಮಧ್ಯೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದನ್ನು ಅವನು ನೋಡಿದ್ದ. ಅದು ಏಕೆಂದು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಪೀರಪ್ಪ ಬಂದ. ಹೆಂಡತಿಯ ಮುಖ ನೋಡಿದ ಕೂಡಲೇ ವಿಷಯ ತಿಳಿದುಹೋಗಿದೆ ಎಂದು ಅವನಿಗೆ ಗೊತ್ತಾಯಿತು. ಕೈಕಾಲು ತೊಳೆದುಕೊಂಡು ಬಂದು ಕೂತ.

"ಟ್ರಂಪೆಟ್ ಇಲ್ಲದ ನಿನ್ನ ಮೇಳ ನಡಿಯಂಗಿಲ್ಲ, ಹೌದಿಲ್ಲೊ? ನಮ್ಮ ರಮಾಗ ಕರ್ಕೊಂಡು ಹೋಗು."

ರಮಾಬಾಯಿ ಪೀರಪ್ಪನ ಮಗಳು, ಅಲ್ಲಿಯದೇ ಆಸ್ಪತ್ರೆಯಲ್ಲಿ ನರ್ಸು. ಸಣ್ಣವಳಿದ್ದಾಗಿನಿಂದ ಅಪ್ಪನ ಟ್ರಂಪೆಟಿಗೆ ಎಣ್ಣೆ ಬಿಡುತ್ತ, ಸರಿಯಾಯಿತೇ ಎಂದು ಊದಿ ನೋಡುತ್ತ ಕಲಿತುಬಿಟ್ಟಿದ್ದಳು. ಮದುವೆ ಬ್ಯಾಂಡಿನಲ್ಲಿ ಹೆಣ್ಣುಮಕ್ಕಳು ಊದುವ ರೂಢಿ ಇರಲಿಲ್ಲವಾದ್ದರಿಂದ ಅವಳ ಊದುವಿಕೆ ಮನೆಯ ಗೋಡೆ ದಾಟಿರಲಿಲ್ಲ. ಡ್ಯೂಟಿ ಮುಗಿಸಿ ಬಂದವಳನ್ನು ಕೇಳಿದಾಗ ಅವಳು ಅಪ್ಪನ ಕಡೆ ನೋಡಿದಳು.

"ಅದು ನಿಮ್ಮ ಜಾಗಾ ಅಪ್ಪಾ."

"ಜಾಗಾ ಖಾಲಿ ಇಟ್ರ ಯಾರಿಗಿ ಛಲೋ ಆಗ್ತದ? ಊದು."

ಅವಳು ಊದಿದಳು. ಅಪ್ಪನ ಊದುವಿಕೆಯಷ್ಟು ಜೋರಿರಲಿಲ್ಲ, ಆದರೆ ಸ್ವರ ಎಳೆನೀರಿನಷ್ಟು ತಿಳಿಯಾಗಿತ್ತು. ಕೇಳುತ್ತ ಸುಧಾಕರನಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

"ನೀವೂ ಬರ್ರಿ ಕಾಕಾ," ಎಂದ. "ಆಕಿ ತಪ್ಪಿದ್ರ ಹೇಳೋರು ಯಾರು?"

ಆ ಭಾನುವಾರ ಅಪ್ಪ ಮಗಳು ಇಬ್ಬರೂ ಶಹಾಬಜಾರಕ್ಕೆ ಬಂದರು. ರಮಾಬಾಯಿ ಹಾಡು ಹಿಡಿದಳು, ಸುಧಾಕರ ಅದರ ಮೇಲೆ ಹಬ್ಬಿಕೊಂಡು ಹೋದ, ಸಬಾಳ ಪೇಟಿಯೂ ಬುರ್ಹಾನುದ್ದೀನನ ಡ್ರಮ್ಮೂ ಸೇರಿದವು. ಎಲ್ಲವೂ ಸರಿಯಿತ್ತು, ಆದರೂ ಸಂಗೀತ ನೆಲಕ್ಕೆ ಕಾಲು ಊರದೆ ತೇಲಿದ ಹಾಗಿತ್ತು. ಮೂಲೆಯಲ್ಲಿ ಕೂತ ಪೀರಪ್ಪ ಕಣ್ಣು ಮುಚ್ಚಿ, ತನಗೇ ಅರಿವಿಲ್ಲದೆ ಹಿಮ್ಮಡಿ ತಟ್ಟುತ್ತ, ಗಂಟಲಲ್ಲೇ "ಧೂಂ, ಧೂಂ" ಎಂದು ಕೆಳಗಿನ ಸ್ವರ ಹೇಳಿಕೊಳ್ಳುತ್ತಿದ್ದ. ಸುಧಾಕರ ಅರ್ಧಕ್ಕೇ ನಿಲ್ಲಿಸಿದ. ಸೈನ್ಯದಲ್ಲಿ ವಯಸ್ಸಾದ ಇಬ್ಬರು ವಾದಕರು ಸಣ್ಣ ವಾದ್ಯ ಬಿಟ್ಟು ದೊಡ್ಡದಕ್ಕೆ ಹೋದದ್ದು ಅವನಿಗೆ ನೆನಪಾಯಿತು. ಮೌತ್‌ಪೀಸ್ ದೊಡ್ಡದಾದಷ್ಟೂ ಹಲ್ಲಿನ ಮೇಲೆ ಬೀಳುವ ಒತ್ತಡ ಕಡಿಮೆ ಎಂದು ಅವರು ಹೇಳುತ್ತಿದ್ದರು.

ಗೋಡೆಗೆ ತೂಗಿದ್ದ ಸೂಸಾಫೋನನ್ನು, ಹೆಗಲ ಸುತ್ತ ಹಾಕಿಕೊಳ್ಳುವ ಆ ಭಾರೀ ಬಾಸು ವಾದ್ಯವನ್ನು, ಬುರ್ಹಾನುದ್ದೀನನ ಸಹಾಯದಿಂದ ಇಳಿಸಿ ಪೀರಪ್ಪನ ಮುಂದೆ ತಂದಿಟ್ಟ.

ಪೀರಪ್ಪ ಅದನ್ನು ಮುಟ್ಟಲಿಲ್ಲ. "ಇದು ಹಿಂದ ನಿಂದ್ರೋರದು. ನಾ ಯಾವತ್ತೂ ಹಿಂದ ನಿಂತಾವಲ್ಲ."

ಸುಧಾಕರ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಈ ಬಾಜಾದಾಗ ಹಿಂದಿನವರೇ ಹಾದಿ ಹಾಕಿಕೊಡೋದು ಕಾಕಾ. ನಮಗ ನಾಕೂ ಮಂದಿಗಿ ಹಾದಿ ಸಿಗವಲ್ದು. ನಿಮಗ ಕೇಳ್ತದಲ್ಲ, ಈಗ ಬಾಯಾಗ ಹೇಳಾಕತ್ತಿದ್ರಿ."

"ನಾ ಎಲ್ಲಿ ಹೇಳಾಕತ್ತಿದ್ದೆ?"

"ಹೇಳಾಕತ್ತಿದ್ರಿ ಅಪ್ಪಾ," ಎಂದಳು ರಮಾಬಾಯಿ. "ಅದನ್ನ ಕೇಳ್ಕೊಂತನೇ ನಾ ಊದಾಕತ್ತಿದ್ದೆ."

ಪೀರಪ್ಪ ಮಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಟೂಲಿನ ಅಂಚಿಗೆ ಸರಿದು ಹೆಗಲು ಕೊಟ್ಟ. ಬಟ್ಟಲಿನಷ್ಟು ದೊಡ್ಡ ಮೌತ್‌ಪೀಸಿಗೆ ತುಟಿ ಇಟ್ಟು ಊದಿದ. ಮೊದಲು ಬರೀ ಗಾಳಿ. ತುಟಿ ಸಡಿಲಿಸಿ ಮತ್ತೊಮ್ಮೆ ಊದಿದಾಗ ಕೆಳಗಿನಿಂದ ಒಂದು ದುಂಡನೆಯ ಸ್ವರ ಎದ್ದು, ಗಾಜಿನ ಕಪಾಟು ಗುಂಯ್ ಎಂದಿತು. ಹಲ್ಲು ಸರಿಯಲಿಲ್ಲ. ಅವನು ವಾದ್ಯ ಇಳಿಸಿ, ಬಾಯಿಗೆ ಕೈ ಅಡ್ಡ ಹಿಡಿಯದೆ, ನಕ್ಕ.

"ಚಾ ತರಸ್ತೀನಿ ಚಾಚಾ," ಎಂದು ಸಬಾ ಎದ್ದಳು.

"ಚಾ ಆಮ್ಯಾಲವ್ವ. ನೀ ಪೇಟಿ ಹಿಡಿ."

ಅಂದಿನಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಬಾಸಿನ ಬೆರಳುಗಾರಿಕೆ ಟ್ರಂಪೆಟಿನಂತೆಯೇ ಇದ್ದುದರಿಂದ ಪೀರಪ್ಪನಿಗೆ ಹೊಸದಾಗಿ ಕಲಿಯಬೇಕಾದದ್ದು ಉಸಿರು ಮಾತ್ರ. ಅದಕ್ಕಾಗಿ ಅವನು ಬೀಡಿ ಬಿಟ್ಟ. ಎಷ್ಟೋ ವರ್ಷಗಳಿಂದ ಹೇಳಿ ಹೇಳಿ ಸೋತಿದ್ದ ಹಣಮಮ್ಮ ಇದೊಂದಕ್ಕೇ ಸುಧಾಕರನಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದಳು.

ಮೇಳದ ಮೊದಲ ಕಾರ್ಯಕ್ರಮ ಸಬಾಳ ಶಾಲೆಯ ವಾರ್ಷಿಕೋತ್ಸವದಲ್ಲಿ ನಡೆಯಿತು. ಹಿಂದೆ ಪೀರಪ್ಪ ತಾನೇ ಕಟ್ಟಿದ್ದ ಒಂದು ಮೆರವಣಿಗೆಯ ಧಾಟಿಯನ್ನು ಅವರು ಜಾಝಿನ ನಡಿಗೆಗೆ ತಿರುಗಿಸಿದ್ದರು. ಟ್ರಂಪೆಟ್ ಹಿಡಿದ ರಮಾಬಾಯಿ ಮುಂದೆ ಬಂದು ನಿಂತಾಗ ಮೈದಾನದಲ್ಲಿ ಗುಸುಗುಸು ಎದ್ದಿತು. ಅವಳ ಮೊದಲ ಸ್ವರ ಸ್ವಲ್ಪ ನಡುಗಿತು. ಹಿಂದಿನಿಂದ ಅಪ್ಪನ ಬಾಸು ಸಾವಕಾಶವಾಗಿ ಹೆಜ್ಜೆ ಹಾಕತೊಡಗಿತು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಅವಳ ಭುಜ ಸಡಿಲವಾಗಿತ್ತು, ಮಕ್ಕಳು ಚಪ್ಪಾಳೆಯಲ್ಲಿ ಲಯ ಹಿಡಿದಿದ್ದರು. ಮುಗಿದ ಮೇಲೆ ಹುಡುಗಿಯರ ಒಂದು ಗುಂಪು ರಮಾಬಾಯಿಯನ್ನು ಸುತ್ತುವರಿದು, ಇದನ್ನು ಕಲಿಯಲು ಎಷ್ಟು ದಿನ ಬೇಕು ಎಂದು ಕೇಳುತ್ತಿತ್ತು.

ವೇದಿಕೆಯ ಹಿಂದೆ ಸುಧಾಕರ ಪೀರಪ್ಪನ ಹೆಗಲಿನಿಂದ ವಾದ್ಯ ಇಳಿಸಿಕೊಟ್ಟ. ಪೀರಪ್ಪನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಮುಂದ ನಿಂತು ಊದೂವಾಗ ನನಗ ನನ್ನ ಟ್ರಂಪೆಟ್ ಒಂದೇ ಕೇಳಸ್ತಿತ್ತು," ಎಂದ ಅವನು. "ಇವತ್ತ ಎಲ್ಲಾರೂ ಕೇಳ್ಸಿದ್ರು. ಮಗಳು ಕೇಳ್ಸಿದ್ಲು, ನೀ ಕೇಳ್ಸಿದಿ. ಇಷ್ಟ ದಿನ ನನ್ನ ಹಿಂದ ನಿಂತು ಊದಿದವರು ಎಷ್ಟ ಸುಖಾ ಪಟ್ಟಾರೊ."

"ನೀವು ಕಲಿಸದಿದ್ರ ನಾ ಇಲ್ಲಿ ಇರ್ತಿರ್ಲಿಲ್ಲ ಕಾಕಾ."

"ಅದು ಬ್ಯಾರೆ ಮಾತು. ನೀ ನನಗ ಬಿಟ್ಟು ಹೋಗಬಹುದಿತ್ತು, ಹೋಗ್ಲಿಲ್ಲ. ನನಗ ಅದು ಬಾಳ ದೊಡ್ಡದು."

ಸುಧಾಕರ ಬಾಗಿ ಹಿರಿಯನ ಪಾದ ಮುಟ್ಟಿದ. ಪೀರಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿ, ಕಮಲಾಪುರದ ಬಸ್ಸು ಹೊರಡುವ ಮೊದಲು ಎಲ್ಲರೂ ಕೂಡಿ ಊಟ ಮಾಡೋಣ ಎಂದು, ಬುರ್ಹಾನುದ್ದೀನನನ್ನು ಕೂಗಿ ಕರೆದ.