ಓಪನರ್

ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡು ಬಂದ ದಿನ ಅಕ್ಕ ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

"ಎಲ್ಲಿ, ಬಾಯಿ ತೆಗಿ ನೋಡೋಣ."

ತಂಗಿ ಬಾಯಿ ತೆರೆದಳು.

"ಸೈಟಿಗೆ ತಂತಿಬೇಲಿ ಹಾಕಿದ ಹಾಗಿದೆ ಕಣೇ."

"ನಗಿಸಬೇಡ್ವೇ, ತುಟಿ ಕುಯ್ಯುತ್ತೆ."

"ಈ ವಯಸ್ಸಲ್ಲಿ ಇನ್ನು ಯಾರಿಗೆ ತೋರಿಸ್ಬೇಕಾಗಿದೆ?"

"ನನಗೆ."

ಅಕ್ಕ ಒಳಗೆ ಹೋಗಿ ಅನ್ನವನ್ನು ಮತ್ತೊಂದು ಸಲ ಬೇಯಿಸಿ ಗಂಜಿಯ ಹಾಗೆ ಮಾಡಿ ತಂದಿಟ್ಟಳು. ಮದುವೆಯ ಗೊಡವೆಗೆ ಹೋಗದೆ ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿದ ಅಕ್ಕತಂಗಿಯರಲ್ಲಿ ಪ್ರೀತಿ ಇಂಥ ದಾರಿಯಲ್ಲೇ ಓಡಾಡುತ್ತದೆ.

ಫೋಟೋಗಳಿಗೆ ಕಟ್ಟು ಹಾಕುವುದು ತಂಗಿಯ ಕಸುಬು. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಮರದ ಪಟ್ಟಿ, ಗಾಜು, ಸಣ್ಣ ಮೊಳೆಗಳ ಡಬ್ಬಿಗಳು, ಅಂಟಿನ ವಾಸನೆ. ಜನ ತಮ್ಮ ನಗುಮುಖಗಳನ್ನು ತಂದು ಅವಳ ಕೈಗೆ ಕೊಡುತ್ತಿದ್ದರು. ಅವಳು ಅವಕ್ಕೆ ನಾಲ್ಕು ಮೂಲೆ ಜೋಡಿಸಿ ವಾಪಸು ಕೊಡುತ್ತಿದ್ದಳು. ಅವಳದೇ ನಗು ಮಾತ್ರ ಒಂದು ಫೋಟೋದಲ್ಲೂ ಇರಲಿಲ್ಲ. ಎಲ್ಲದರಲ್ಲೂ ಬಾಯಿಗೆ ಅಡ್ಡ ಕೈ. ಮೇಲಿನ ಎರಡು ಹಲ್ಲು ತುಟಿಯನ್ನು ತಳ್ಳಿಕೊಂಡು ಮುಂದೆ ಬಂದಿದ್ದವು.

ಇದಕ್ಕೆಲ್ಲ ಕಾರಣ ಹಲ್ಲಲ್ಲ, ಒಂದು ಹೆಸರು. ಶಾಲೆಯಿಂದ ಪಿಕ್ನಿಕ್ಕಿಗೆ ಹೋದಾಗ, ಎರಡು ತರಗತಿ ಮೇಲಿದ್ದ ಹುಡುಗನೊಬ್ಬ, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಿದ್ದವನು, ಎಲ್ಲರ ಎದುರು ಅವಳ ಮುಂದೆ ಸೋಡಾ ಬಾಟಲಿ ಹಿಡಿದು, "ಓಪನರ್ ಮರೆತು ಬಂದಿದೀವಿ, ನಿನ್ನ ಬಾಯಿ ಸ್ವಲ್ಪ ಕೊಡು" ಅಂದಿದ್ದ. ಮೇಷ್ಟ್ರೂ ನಕ್ಕಿದ್ದರು. ಅಂದಿನಿಂದ ಶಾಲೆ ಬಿಡುವವರೆಗೆ ಅವಳ ಹೆಸರು ಓಪನರ್. ಹಾಜರಿ ಕೂಗುವಾಗ ಅವಳ ನಿಜವಾದ ಹೆಸರು ಬಂದರೆ ಹುಡುಗರು ಯಾರದಪ್ಪಾ ಎಂದು ಹಿಂತಿರುಗಿ ನೋಡುತ್ತಿದ್ದರು.

ದಂತವೈದ್ಯರ ಕ್ಲಿನಿಕ್ಕು ಮುಖ್ಯರಸ್ತೆಯ ಮಹಡಿಯ ಮೇಲಿತ್ತು. ಕಾಯುವ ಕೋಣೆಯ ಗೋಡೆಯ ತುಂಬ ಜೋಡಿ ಫೋಟೋಗಳು: ಎಡಕ್ಕೆ ಸೊಟ್ಟ ಹಲ್ಲು, ಬಲಕ್ಕೆ ನೆಟ್ಟ ಹಲ್ಲು. ಕಟ್ಟುಗಳ ಮೂಲೆಗಳಲ್ಲಿ ಸಂದು ಬಿಟ್ಟಿತ್ತು. ಡಾಕ್ಟರು ಬೋಳುತಲೆಯ ದಪ್ಪ ಮನುಷ್ಯ, ಕಣ್ಣಿನವರೆಗೆ ಮಾಸ್ಕು, ಬೋರ್ಡಿನಲ್ಲಿ ಬೀದಿಗಿಬ್ಬರಿಗಿರುವಂಥ ಹೆಸರು. ಕೈ ಹಗುರ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಪೇಷೆಂಟಿನ ಬಾಯಲ್ಲಿ ಕನ್ನಡಿ, ಕೊಳವೆ, ಹತ್ತಿಯುಂಡೆ ಎಲ್ಲ ತುರುಕಿದ ಮೇಲೆಯೇ ಅವನಿಗೆ ಮಾತಿನ ಹುಮ್ಮಸ್ಸು. ಅಳಿಯನ ಸೋಮಾರಿತನ, ಕಾರಿನ ಮೈಲೇಜು, ಏನು ಹೇಳಿದರೂ ಎದುರು ಮಾತಿಲ್ಲ. ತಂಗಿಗೆ ಅದು ಒಂಥರಾ ಹಿಡಿಸಿತ್ತು. ತಿಂಗಳಿಗೊಮ್ಮೆ ತಂತಿ ಬಿಗಿಸುವ ನೋವಿನಲ್ಲಿ ಕಿವಿಗೊಂದು ಕೆಲಸ.

ಎರಡನೆಯ ವರ್ಷದ ಕೊನೆಗೆ, ಹಲ್ಲುಗಳು ಹೆಚ್ಚುಕಡಿಮೆ ಸಾಲಿಗೆ ಬಂದಿದ್ದಾಗ, ಒಂದು ದಿನ ತಂತಿ ಬಿಗಿಸುತ್ತ ಅವನು ನರ್ಸಿಗೆ ಹೇಳಿದ: "ನಿನಗೊಂದು ತಮಾಷೆ ಹೇಳ್ಲಾ? ನಮ್ಮ ಸ್ಕೂಲಲ್ಲಿ ಒಬ್ಬಳಿದ್ಲು. ಹಲ್ಲು ಅಂದ್ರೆ ಹಲ್ಲು! ಪಿಕ್ನಿಕ್ಕಲ್ಲಿ ಸೋಡಾ ಬಾಟ್ಲಿ ಹಿಡಿದು ಬಾಯಿ ಕೊಡು ಅಂದೆ. ಓಪನರ್ ಅಂತಾನೇ ಹೆಸರು ನಿಂತೋಯ್ತು! ಅವಳನ್ನ ನೋಡೇ ನಾನು ಈ ಲೈನಿಗೆ ಬಂದಿದ್ದು ಅಂದ್ಕೋ."

ನರ್ಸು ನಕ್ಕಳು. "ಅವ್ರ ಹೆಸರೇನು ಸಾರ್?"

"ಅದ್ಯಾರಿಗೆ ನೆನಪಿರುತ್ತೆ? ಸ್ವಲ್ಪ ಅಗಲ ತೆಗೀರಿ ಮೇಡಂ, ಹಾಂ, ಹಾಗೇ."

ಕುರ್ಚಿಯಲ್ಲಿ ಮಲಗಿದ್ದವಳು ಅಗಲ ತೆಗೆದಳು. ಗಂಟಲಲ್ಲಿ ಎದ್ದ ಸದ್ದನ್ನು ಕೊಳವೆ ಎಂಜಲಿನ ಜೊತೆ ಹೀರಿಕೊಂಡಿತು. ಕಣ್ಣಲ್ಲಿ ನೀರು ಬಂತು. "ಒಂಚೂರು ನೋವಾಗುತ್ತೆ, ತಡ್ಕೊಳ್ಳಿ" ಅಂದ ಡಾಕ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದಳು. ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ.

"ಬೆರಳು ಕಚ್ಚಿ ಬರಬಾರ್ದಿತ್ತಾ? ಬಾಯಲ್ಲೇ ಇತ್ತಲ್ಲ."

"ಹಲ್ಲು ಪೂರ್ತಿ ಸರಿಹೋಗ್ಲಿ ಬಿಡು. ಹಾಳು ಮಾಡಿದವನೇ ರಿಪೇರಿನೂ ಮಾಡಿದ ಅನ್ಕೋತೀನಿ."

ಹಾಗೆಂದುಕೊಳ್ಳಲು ಅವಳು ನಿಜಕ್ಕೂ ಪ್ರಯತ್ನಪಟ್ಟಳು. ಕ್ಲಿಪ್ಪು ತೆಗೆದ ದಿನ ಡಾಕ್ಟರು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಅಚ್ಚನ್ನು ಕೈಗಿಟ್ಟ. ರಿಟೇನರ್ ಅಂತೆ. "ಕ್ಲಿಪ್ಪು ತೆಗೆದ್ರೆ ಮುಗೀತು ಅನ್ಕೋಬೇಡಿ. ಹಲ್ಲಿಗೆ ಹಳೇ ಜಾಗದ ನೆನಪಿರುತ್ತೆ. ಇದನ್ನ ಹಾಕದೆ ಬಿಟ್ರೆ ಸದ್ದಿಲ್ದೆ ವಾಪಸ್ ಹೋಗ್ತವೆ."

ಅವಳು ತಪ್ಪದೆ ಹಾಕಿಕೊಂಡಳು. ಅಂಗಡಿಗೆ ಬಂದ ಮುದುಕರೊಬ್ಬರ ಜೋಕಿಗೆ ಬಾಯ್ತುಂಬ ನಕ್ಕಳು. "ನಿಮ್ಮ ನಗು ಚೆನ್ನಾಗಿದೆಯಮ್ಮ" ಅಂದರು ಅವರು, ಅವಳು ಹುಟ್ಟಿದಾಗಿನಿಂದ ಹೀಗೇ ಇದ್ದಳೇನೋ ಅನ್ನುವಷ್ಟು ಸಲೀಸಾಗಿ. ಆ ದಿನವೆಲ್ಲ ಗಾಜು ಒರೆಸುವ ನೆಪದಲ್ಲಿ ಅದರಲ್ಲಿ ತನ್ನನ್ನೇ ನೋಡಿಕೊಂಡಳು. ಇನ್ನು ನಾಲ್ಕು ತಿಂಗಳು ಹೀಗೇ ಹೋಗಿದ್ದರೆ ಕ್ಯಾಪ್ಟನ್ನನನ್ನು ಕ್ಷಮಿಸಿಯೇ ಬಿಡುತ್ತಿದ್ದಳೇನೋ.

ಅಷ್ಟರಲ್ಲಿ ಫೋನು ಬಂತು.

"ಮೇಡಂ, ನಿಮ್ಮದು ನನ್ನ ಬೆಸ್ಟ್ ಕೇಸು! ಬರೋ ವರ್ಷ ನಮ್ಮ ಡಾಕ್ಟರುಗಳ ಸಂಘದಲ್ಲಿ ಸ್ಪರ್ಧೆ. ಚಿಕಿತ್ಸೆ ಮುಗಿದು ವರ್ಷವಾದ್ಮೇಲೂ ಹಲ್ಲು ನಿಂತಿದೆ ಅಂತ ಪೇಷೆಂಟನ್ನೇ ಸ್ಟೇಜಿಗೆ ಕರೆದು ತೋರಿಸ್ಬೇಕು. ಬರ್ತೀರ ತಾನೆ? ಅವತ್ತು ನಿಮ್ಮೆದುರೇ ನರ್ಸಿಗೆ ಹೇಳಿದ್ನಲ್ಲ, ಆ ಓಪನರ್ ಕತೆ, ಅದರಿಂದ್ಲೇ ಶುರು ಮಾಡೋಣ ಅಂತ. ಜನ ಬಿದ್ದು ಬಿದ್ದು ನಗ್ತಾರೆ."

"ಬರ್ತೀನಿ ಡಾಕ್ಟ್ರೇ. ಖಂಡಿತ ಬರ್ತೀನಿ."

ಫೋನಿಟ್ಟವಳು ಬಾಯಿಂದ ರಿಟೇನರ್ ತೆಗೆದು, ತೊಳೆದು, ಒರೆಸಿ, ಮೊಳೆಯ ಡಬ್ಬಿಗಳ ಪಕ್ಕದಲ್ಲಿಟ್ಟಳು.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ನಾಲಿಗೆಗೆ ಗೊತ್ತಾಯಿತು: ಎಡಗಡೆಯದು ಅಲುಗಿದೆ. ಬಲಗಡೆಯದು ಅದರ ಬೆನ್ನು ಹತ್ತಿತು. ಕ್ಲಿನಿಕ್ಕಿನಿಂದ ನರ್ಸು ಫೋನು ಮಾಡಿದಾಗಲೆಲ್ಲ, "ಎಲ್ಲಾ ಕಲ್ಲು ನಿಂತ ಹಾಗೆ ನಿಂತಿದೆ, ಅಂಗಡೀಲಿ ಪುರುಸೊತ್ತಿಲ್ಲ" ಅನ್ನುತ್ತಿದ್ದಳು. ಡಾಕ್ಟರಿಗೂ ಪುರುಸೊತ್ತಿರಲಿಲ್ಲ. ಎದುರು ಮಾತಾಡದ ಪೇಷೆಂಟಿನ ಮೇಲೆ ಅವನಿಗೆ ಭಾರಿ ನಂಬಿಕೆ.

ಅಕ್ಕನಿಗೆ ತಿಳಿದದ್ದು ತಂಗಿ ಸೀಬೆಹಣ್ಣು ಕಚ್ಚಿದಾಗ. ಹಣ್ಣಿನ ಮೇಲೆ ಬಿದ್ದ ಗುರುತನ್ನು ನೋಡಿದಳು, ತಂಗಿಯ ಮುಖ ನೋಡಿದಳು.

"ಹಲ್ಲು ನಿಂದಲ್ವೇನೇ ಹುಚ್ಚಿ? ಅವನಿಗೇನು ಹೋಗುತ್ತೆ?"

"ಅವನದ್ದು ಅಂತ ಅವನು ಅಂದ್ಕೊಂಡಿದಾನೆ. ಅದಕ್ಕೇ."

"ಹಾಕ್ಕೊಳ್ಳೇ. ನನ್ನ ಮಾತು ಕೇಳು. ನಗ್ತಿದ್ದೆ ನೀನು. ನಾನು ನೋಡಿದೀನಿ."

ಆ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳು ರಿಟೇನರನ್ನು ಬಾಯಿಗಿಟ್ಟು ಒತ್ತಿದಳು. ಕೂರಲಿಲ್ಲ. ಇನ್ನಷ್ಟು ಒತ್ತಿದಳು. ಒಸಡಿನಿಂದ ನೆತ್ತಿಯವರೆಗೆ ನೋವು ಏರಿತು. ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿದ್ದ ಆ ಹೆಂಗಸಿನ ಬಾಯಿಗೂ ಇವಳ ಬಾಯಿಗೂ ಈಗ ಸಂಬಂಧವಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಮೂಗು ಒರೆಸಿಕೊಂಡು, ಸ್ವಲ್ಪ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಒಳ್ಳೆಯ ತೇಗದ ಪಟ್ಟಿಯೊಂದನ್ನು ಆರಿಸಿ ಗರಗಸ ಹಿಡಿದಳು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೂವರು ಹಿರಿಯ ಡಾಕ್ಟರುಗಳು, ತೀರ್ಪುಗಾರರು. ತಂಗಿ, ಕ್ಲಿನಿಕ್ಕಿನಲ್ಲಿ ಡಾಕ್ಟರು ಹಾಕುವಂತೆಯೇ, ಕಣ್ಣಿನವರೆಗೆ ಮಾಸ್ಕು ಹಾಕಿಕೊಂಡು ಬಂದಿದ್ದಳು. "ಸ್ವಲ್ಪ ಶೀತ" ಅಂದಾಗ, "ಸ್ಟೇಜಿನ ಮೇಲೆ ತೆಗೆದ್ರಾಯ್ತು, ಸಸ್ಪೆನ್ಸು ಇರ್ಲಿ" ಎಂದು ಅವನಿಗೆ ಇನ್ನೂ ಖುಷಿಯಾಯಿತು. ಅಕ್ಕ ಹಿಂದಿನ ಸಾಲಿನಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

ಅವನು ಓಪನರ್ ಕತೆಯಿಂದಲೇ ಶುರು ಮಾಡಿದ. ಜನ ನಕ್ಕರು. ಪರದೆಯ ಮೇಲೆ ಗೋಡೆಯಗಲದ ಹಲ್ಲುಗಳು ಮೂಡಿದವು, ಮೊದಲು ಸೊಟ್ಟ, ಆಮೇಲೆ ನೆಟ್ಟ. ಚಪ್ಪಾಳೆ. "ಫೋಟೋ ಯಾಕೆ, ಸಾಕ್ಷಾತ್ ನೋಡಿ" ಎಂದು ಅವಳನ್ನು ಕರೆದ.

ಅವಳು ಮೇಲೆ ಹೋಗಿ ಮೊದಲು ಕಾಗದ ಸುತ್ತಿದ ಕಟ್ಟೊಂದನ್ನು ಅವನ ಕೈಗಿತ್ತಳು. "ನನ್ನ ಕೈಯಾರೆ ಮಾಡಿದ್ದು ಡಾಕ್ಟ್ರೇ. ಇಲ್ಲೇ ಬಿಚ್ಚಿ."

ಬಿಚ್ಚಿದ. ತೇಗದ ಕಟ್ಟು, ಮೂಲೆಗಳಲ್ಲಿ ಕೂದಲು ತೂರದಷ್ಟು ಬಿಗಿ. ಗಾಜಿನ ಹಿಂದೆ ಕಪ್ಪು ಮಖಮಲ್ಲು, ಅದರ ಮೇಲೆ ಫಳಫಳ ಹೊಳೆಯುವ ರಿಟೇನರ್. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಕೊರೆಸಿದ ಒಂದೇ ಪದ: ಓಪನರ್.

ಅವನು ತಲೆಯೆತ್ತಿದ. ಅಷ್ಟರಲ್ಲಿ ಅವಳು ಮಾಸ್ಕು ತೆಗೆದು ಸಭೆಯ ಕಡೆ ತಿರುಗಿ ನಕ್ಕಿದ್ದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಪರದೆಯ ಮೇಲಿನ ನೆಟ್ಟ ಹಲ್ಲುಗಳ ಅಡಿಯಲ್ಲಿ ಅವಳ ಹಲ್ಲುಗಳು ನಿಂತಿದ್ದವು.

"ರಿಟೇನರ್ ಹಾಕ್ಲೇ ಇಲ್ವಾ?" ಅವನ ಪಿಸುಮಾತು ಮೈಕಿಗೆ ಬಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಆಮೇಲೆ ಅವಳ ಮುಖವನ್ನೇ ನೋಡಿ, ಇನ್ನೂ ಸಣ್ಣಗೆ, "ನೀನಾ?"

"ಬಾಟ್ಲಿ ತಂದಿದೀಯೇನೋ, ಕ್ಯಾಪ್ಟನ್?"

ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು, "ಸ್ವಲ್ಪ ಹತ್ತಿರ ಬರ್ತೀರಾಮ್ಮಾ, ನೋಡ್ಬೇಕು" ಅಂದರು. ಅವಳು ಮೆಟ್ಟಿಲಿಳಿದು ಹೋಗಿ, ಅವರ ಮುಂದೆ ಬಗ್ಗಿ ಬಾಯಿ ತೆರೆದಳು. ಅವರು ಟಾರ್ಚು ಹಿಡಿದು ನೋಡಿದರು, ಪಕ್ಕದವರಿಗೆ ಟಾರ್ಚು ದಾಟಿಸಿದರು. ಪಕ್ಕದವರೂ ನೋಡಿದರು. ಮೇಲೆ ಸ್ಟೇಜಿನಲ್ಲಿ ಕ್ಯಾಪ್ಟನ್ ಕಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

"ಸಾಕಮ್ಮ, ಬಾಯಿ ಮುಚ್ಚಿ" ಅಂದರು ಎರಡನೆಯವರು.

ಅವಳು ಮುಚ್ಚಲಿಲ್ಲ. ಮೂರನೆಯವರು ಇನ್ನೂ ನೋಡಬೇಕಿತ್ತು.