ಹೊಲಿಸಬಾರದಿದ್ದ ಹೆಸರು

“ಬಿಚ್ಚು ಅದನ್ನ. ನನ್ನ ಗ್ಯಾರೇಜಲ್ಲಿ ಕೂತು, ನನ್ನ ಬಿಯರ್ ಕುಡೀತಾ, ಆ ಹಸಿರು ಅಂಗಿ ಹಾಕ್ಕೊಂಡಿದೀಯಲ್ಲ, ಮೈ ಉರಿಯಲ್ವಾ ನಿಂಗೆ?”

“ಬಿಯರ್ ತಂದಿದ್ದು ನಾನು,” ಎಂದ ಮರ್ವ್. “ಮೈ ಉರೀತಿರೋದು ನಿಂಗೆ.”

“ಬಿಚ್ಚು ಅಂದೆ.”

“ಸೆಖೆ ಆಯ್ತು ಅಂತ ಬಿಚ್ಚಬಹುದು. ನೀನು ಹೇಳಿದೆ ಅಂತ ಬಿಚ್ಚಲ್ಲ.”

ಲೋರ್ನ್ ಹನಟ್ಯುಕ್ ಕೈಯಲ್ಲಿ ಇಕ್ಕಳ ಹಿಡಿದು ಗ್ಯಾರೇಜಿನ ಬಾಯಲ್ಲಿ ನಿಂತಿದ್ದ. ಪಕ್ಕದ ಇದ್ದಿಲ ಒಲೆಯ ಮೇಲೆ ಸಾಸೇಜು ಸಿಡಿಯುತ್ತಿತ್ತು. ಒಳಗೆ ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಮರ್ವ್ ಅವನ ಹೆಂಡತಿ ಡಾರ್ಲೀನಳ ಅಣ್ಣ. ಆ ಸಂಬಂಧ ಆಮೇಲಿನದು. ಅವಳನ್ನು ಮದುವೆಯಾಗುವ ಮೊದಲೇ ಇವರಿಬ್ಬರೂ ಒಟ್ಟಿಗೆ ಐಸ್ ಹಾಕಿ ಪಂದ್ಯ ನೋಡಲು ಹೋಗುತ್ತಿದ್ದವರು. ಹಳೆಯ ಅಂಗಣದಲ್ಲಿ, ತಪ್ಪು ಮಾಡಿದ ಆಟಗಾರರನ್ನು ಕೂರಿಸುವ ಪೆಟ್ಟಿಗೆಯ ಹಿಂದೆಯೇ ಅಕ್ಕಪಕ್ಕದ ಎರಡು ಸೀಟು ಹಿಡಿದಿದ್ದರು. ಅಂಗಣ ಕೆಡವಿ ಹೊಸದು ಕಟ್ಟಿದಾಗ ಜಗಳ ಮಾಡಿ ಅಂಥದೇ ಜಾಗದಲ್ಲಿ ಎರಡು ಸೀಟು ಪಡೆದರು. ಸೀಟು ಇಬ್ಬರ ಹೆಸರಿನಲ್ಲೂ ಇತ್ತು. ಇಬ್ಬರೂ ಹೂಂ ಅಂದರೆ ಮುಂದಿನ ಚಳಿಗಾಲಕ್ಕೂ ಅವು ಇವರವೇ. ಒಬ್ಬ ಬೇಡ ಅಂದರೂ ಎರಡೂ ಬೇರೆಯವರ ಪಾಲು. ಪ್ರತಿ ಬೇಸಿಗೆ ಕ್ಲಬ್ಬಿನಿಂದ ಫೋನ್ ಬಂದಾಗ ಲೋರ್ನ್ ಯಾರನ್ನೂ ಕೇಳದೆ “ಇಬ್ರದ್ದೂ ಹೂಂ” ಎಂದು ಹೇಳಿ ಇಟ್ಟುಬಿಡುತ್ತಿದ್ದ. ಇವತ್ತು ಬೆಳಿಗ್ಗೆ ಮಾತ್ರ ಫೋನ್ ಮಾಡಿದ ಹುಡುಗಿಗೆ “ಸಂಜೆ ಮಾಡಮ್ಮ” ಎಂದಿದ್ದ. “ಇವತ್ತೇ ಕೊನೆ ಸರ್, ಐದು ಗಂಟೆಗೆ ಮುಗಿಯುತ್ತೆ,” ಎಂದಿದ್ದಳು ಅವಳು.

ಎಲ್ಲಕ್ಕೂ ಮೂಲ ಜುಲೈ ಒಂದು. ಊರಿಗೆ ಊರೇ ದೇಶದ ಹುಟ್ಟುಹಬ್ಬಕ್ಕೆ ಪಟಾಕಿ ಹೊಡೆಯುವ ದಿನ. ಅದೇ ಮಧ್ಯಾಹ್ನ ಕರಾರು ಮುಗಿದ ಆಟಗಾರರಿಗೂ ಬಾಗಿಲು ತೆರೆಯುತ್ತದೆ. ಯಾರು ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಿ ಹೋಗಬಹುದು. ಎರಡನ್ನೂ ಒಂದೇ ದಿನಕ್ಕೆ ಇಟ್ಟ ಪುಣ್ಯಾತ್ಮ ಯಾರೋ, ಅವನು ಜನ್ಮದಲ್ಲಿ ಯಾವ ತಂಡವನ್ನೂ ಪ್ರೀತಿಸಿದವನಲ್ಲ. ಈ ಸಲ ಇವರ ನೀಲಿ ಅಂಗಿಯ ಬೈಸನ್ಸ್ ತಂಡದ ಗೋಲ್ ಕೀಪರ್ ಹೋದ. ಎಡಬದಿಯಲ್ಲಿ ಆಡುವವನು ಹೋದ. ರಕ್ಷಣೆಗೆ ನಿಲ್ಲುತ್ತಿದ್ದ ಇಬ್ಬರು ಒಬ್ಬರ ಹಿಂದೊಬ್ಬರು ಹೋದರು. ಡಾರ್ಲೀನ್ ಪೆರೋಗಿ ಕಡುಬು ಬಡಿಸುತ್ತಿದ್ದಾಗ ನಾಯಕ ಹ್ಯಾಲ್ಡೇನ್ ಕೂಡ ಹೋದನೆಂದು ಟಿವಿ ಹೇಳಿತು. ಹೋಗಿದ್ದಾದರೂ ಎಲ್ಲಿಗೆ? ಕರಾವಳಿಯ ಹಸಿರು ಅಂಗಿಯವರ ಹತ್ತಿರ. ಬೈಸನ್ಸನ್ನು ಮೇಲಿಂದ ಮೇಲೆ ಸೋಲಿಸಿ ಮನೆಗೆ ಕಳಿಸಿದವರ ಹತ್ತಿರ. ಅಷ್ಟೂ ಸಾಲದೆಂಬಂತೆ, ಆ ಹಸಿರು ತಂಡದಲ್ಲಿದ್ದ ಬ್ರಿಸ್ಸನ್ ಎಂಬ ಪುಂಡ, ಹ್ಯಾಲ್ಡೇನನ ದವಡೆ ಮುರಿದಿದ್ದವನು, ಅದೇ ಸಂಜೆ ಬೈಸನ್ಸ್ ಸೇರಿದ.

ಅವತ್ತಿನಿಂದ ಲೋರ್ನನ ತಲೆ ಕೆಟ್ಟು ಗೊಬ್ಬರವಾಗಿತ್ತು. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ, ಬೇಸಿಗೆಯಲ್ಲಿ ಜಲ್ಲಿ ರಸ್ತೆ ಸಮ ಮಾಡುವ ಯಂತ್ರ ಓಡಿಸುವುದು ಅವನ ಕೆಲಸ. ಗೋಧಿ ಹೊಲಗಳ ನಡುವೆ ಯಂತ್ರ ಆಮೆಯಂತೆ ಹೋಗುವಾಗ ಅವನು ಮನಸ್ಸಿನಲ್ಲೇ ತಂಡ ಕಟ್ಟುತ್ತಿದ್ದ. ನಡುವೆ ಯಾರು? ಹ್ಯಾಲ್ಡೇನ್ ಎಂದುಕೊಂಡು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಬಲಕ್ಕೆ ಯಾರು? ಬ್ರಿಸ್ಸನ್. ಆ ಹೆಸರು ಬಂದ ಕೂಡಲೇ ಕಿಟಕಿಯಿಂದ ಹೊರಗೆ ಉಗುಳುತ್ತಿದ್ದ. ಒಂದು ದಿನ ಮಾತ್ರ ಉಗುಳಿ ಮುಗಿಸಿದ ಮೇಲೆ ಇನ್ನೊಂದು ಯೋಚನೆ ಬಂತು: ಗೋಲಿನ ಮುಂದೆ ಆ ನನ್ಮಗ ಬಂಡೆಯ ಹಾಗೆ ನಿಲ್ಲುತ್ತಾನೆ, ಅಲುಗಿಸೋಕೆ ಆಗಲ್ಲ, ಇದು ನಮಗೆ ಒಳ್ಳೆಯದೇ. ಹಾಗೆ ಯೋಚಿಸಿದ್ದಕ್ಕೆ ಅವನಿಗೆ ಅವನ ಮೇಲೇ ಅಸಹ್ಯವಾಗಿ, ಯಂತ್ರ ನಿಲ್ಲಿಸಿ ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಯಾರನ್ನು ಬೈಯಬೇಕು? ಹೋದವರನ್ನೋ, ಬಂದವನನ್ನೋ, ಕಳಿಸಿದ ವ್ಯವಸ್ಥಾಪಕನನ್ನೋ? ಒಬ್ಬನ ಮೇಲೆ ಸಿಟ್ಟು ಗಟ್ಟಿ ಮಾಡಿಕೊಂಡರೆ ಇನ್ನೊಬ್ಬನ ಮೇಲಿನದು ಜಾರಿಹೋಗುತ್ತಿತ್ತು.

ಜರ್ಸಿಯ ಸಂಗತಿ ಬೇರೆ ಇತ್ತು. ಆಟಗಾರರ ಹೆಸರು ಬೆನ್ನಿನ ಮೇಲೆ ಹೊಲಿಸಿದ ಜರ್ಸಿ ಹಾಕಿಕೊಂಡು ಪಂದ್ಯಕ್ಕೆ ಹೋಗುವುದು ಅಲ್ಲಿ ಎಲ್ಲರ ರೂಢಿ. ಲೋರ್ನ್ ಮಾತ್ರ ಹೆಸರು ಹೊಲಿಸುತ್ತಿರಲಿಲ್ಲ. ಹಾಕಿ ಕೋಲಿಗೆ ಸುತ್ತುವ ಬಿಳಿ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ ಅದರ ಮೇಲೆ ಕಪ್ಪು ಶಾಯಿಯಲ್ಲಿ ಆ ವರ್ಷದ ಮೆಚ್ಚಿನವನ ಹೆಸರು ಬರೆಯುತ್ತಿದ್ದ. ಅವನು ಹೋದರೆ ಪಟ್ಟಿ ಕಿತ್ತು ಬೇರೆ ಪಟ್ಟಿ. ಅಂಗಣದಲ್ಲಿ ಹಿಂದಿನ ಸಾಲಿನವರು ನಗುತ್ತಿದ್ದರು. “ನಗ್ರೋ ನಗ್ರಿ. ನೀವು ಹೊಲಿಸಿದೋರೆಲ್ಲ ಎಲ್ಲಿದಾರೆ ಈಗ?” ಎಂದು ಅವನು ತಿರುಗಿ ಕೇಳುತ್ತಿದ್ದ.

ಈ ವಸಂತದಲ್ಲಿ ಅವನೂ ಮೋಸ ಹೋದ. ಕೊನೆಯ ಪಂದ್ಯ ಸೋತ ಮೇಲೆ ಹ್ಯಾಲ್ಡೇನ್ ಮಂಜುಗಡ್ಡೆಯ ಮೇಲೇ ನಿಂತು, ಎದೆಯ ಮೇಲಿನ, ತಂಡದ ಗುರುತಾದ ಕಾಡೆಮ್ಮೆಯ ಚಿತ್ರಕ್ಕೆ ಕೈಯಿಟ್ಟು, “ಇದೇ ನನ್ನ ಮನೆ” ಎಂದ. ಮರ್ವ್ ಅತ್ತುಬಿಟ್ಟ. ದಪ್ಪ ಮೀಸೆಯ ಶಾಲಾ ಬಸ್ ಚಾಲಕ, ಬಸ್ಸಿನಲ್ಲಿ ಮಕ್ಕಳು ಉಸಿರೆತ್ತದ ಹಾಗೆ ಇಟ್ಟುಕೊಳ್ಳುವವನು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕಾರು ನಿಲ್ಲಿಸಿದ ಜಾಗಕ್ಕೆ ನಡೆಯುವಾಗ, “ಈಗಲಾದ್ರೂ ಹೊಲಿಸೋ, ಈ ಮನುಷ್ಯ ಎಲ್ಲೂ ಹೋಗಲ್ಲ,” ಎಂದ. ಲೋರ್ನ್ ಮರುದಿನವೇ ಜರ್ಸಿಯನ್ನು ಡಾರ್ಲೀನಳ ಮುಂದೆ ಹಾಕಿದ. ಅವಳು ಕೆಲಸ ಮಾಡುವುದೇ ಊರಿನ ಮಕ್ಕಳ ತಂಡಗಳಿಗೆ ಹೆಸರು ಹೊಲಿದುಕೊಡುವ ಅಂಗಡಿಯಲ್ಲಿ. “ಜೋಡಿ ಹೊಲಿಗೆ ಹಾಕು. ನಾನು ಸತ್ತ ಮೇಲೂ ಬಿಚ್ಚಬಾರದು,” ಎಂದಿದ್ದ. ಅವಳು ಹಾಗೆಯೇ ಹಾಕಿದ್ದಳು.

ಆ ಜರ್ಸಿ ಈಗ ಗ್ಯಾರೇಜಿನ ಮೇಜಿನ ಮೇಲೆ ಮಕಾಡೆ ಬಿದ್ದಿತ್ತು. ಡಾರ್ಲೀನ್ ಪಕ್ಕದ ಸ್ಟೂಲಿನಲ್ಲಿ ಕೂತು ಹೊಲಿಗೆ ಬಿಚ್ಚುವ ಚೂಪು ಕೊಂಡಿಯಿಂದ ಮೊದಲನೆಯ ಅಕ್ಷರ ಎಬ್ಬಿಸುತ್ತಿದ್ದಳು.

“ನಿಧಾನ ಕಣೇ, ಬಟ್ಟೆ ಹರಿಯುತ್ತೆ,” ಎಂದ ಲೋರ್ನ್.

“ನೀನೇ ತಾನೆ ಸತ್ತ ಮೇಲೂ ಬಿಚ್ಚಬಾರದು ಅಂದಿದ್ದು. ಸಾಯೋ ತನಕ ಕಾಯಬೇಕಿತ್ತು ನಾನು.”

ಮರ್ವ್ ಬಿದ್ದು ಬಿದ್ದು ನಕ್ಕ. ಲೋರ್ನನ ಕಿವಿ ಕೆಂಪಾಯಿತು.

“ನಗು. ಹೊಲಿಸು ಅಂದೋನು ನೀನು. ಆ ಹ್ಯಾಲ್ಡೇನ್ ಸುಳ್ಳ, ಅವನ ಮಾತು ನಂಬಿ ನನ್ನ ಹಳ್ಳಕ್ಕೆ ಹಾಕಿದೋನು ನೀನು. ಈಗ ಅವನ ಬಾಲ ಹಿಡ್ಕೊಂಡು ಆ ಕಡೆಗೇ ಹೊರಟಿದೀಯ.”

“ಅವನು ಸುಳ್ಳ ಅಂತ ನಿಂಗೆ ಯಾರು ಹೇಳಿದ್ದು?” ಮರ್ವ್ ಕುರ್ಚಿಯಲ್ಲಿ ಮುಂದಕ್ಕೆ ಬಂದ. “ಮನೆ ಅಂದ. ಮನೆಯೋರು ಇರು ಅಂದ್ರಾ? ಮಂಡಿ ಹೋಗಿದೆ, ವಯಸ್ಸಾಯ್ತು ಅಂತ ನಮ್ಮೋರು ಅವನಿಗೆ ಒಂದು ಮಾತೂ ಆಡಲಿಲ್ಲವಂತೆ.”

“ಅಂತೆ. ಯಾರು ಅಂದಿದ್ದು?”

“ರೇಡಿಯೋದಲ್ಲಿ.”

“ಅದೇ ರೇಡಿಯೋದಲ್ಲಿ ಬೆಳಿಗ್ಗೆ, ಕೊಟ್ಟಿದ್ದು ಸಾಲಲ್ಲ ಅಂತ ಒದ್ದು ಹೋದ ಅಂದ್ರು. ಯಾವುದು ನಿಜ?”

“ನಂಗೆ ಗೊತ್ತಿಲ್ಲ.”

“ಗೊತ್ತಿಲ್ದೆ ಅವನ ಅಂಗಿ ಹಾಕ್ಕೊಂಡ್ಯಾ?”

“ಗೊತ್ತಿಲ್ದೆ ನೀನು ಅವನ ಹೆಸರು ಕೀಳಿಸ್ತಿಲ್ವಾ?”

ಲೋರ್ನ್ ಒಲೆಯ ಕಡೆ ತಿರುಗಿದ. ಮಾತಿನಲ್ಲಿ ಸೋತಾಗ ಅವನು ಸಾಸೇಜು ಹೊರಳಿಸುತ್ತಾನೆ. ಹೊರಳಿಸಿದ. ಒಂದು ಉರುಳಿ ಕೆಂಡಕ್ಕೆ ಬಿತ್ತು.

“ನೋಡು,” ಎಂದ ಮರ್ವ್, ದನಿ ತಗ್ಗಿಸಿ. “ನಾನು ಸೀಟು ಬಿಡ್ತೀನಿ ಅಂದಿಲ್ಲ. ನಿನ್ನ ಪಕ್ಕಾನೇ ಕೂರ್ತೀನಿ. ಹಸಿರು ತಂಡ ಇಲ್ಲಿಗೆ ಬಂದ ದಿನ ಮಾತ್ರ ಈ ಅಂಗಿ. ಚಳಿಗಾಲ ಪೂರ್ತಿಗೆ ಎರಡೋ ಮೂರೋ ಸಲ. ಹ್ಯಾಲ್ಡೇನ್ ಮಂಜುಗಡ್ಡೆ ಮೇಲೆ ಇಳಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿ ಕೂತ್ಕೊಳ್ತೀನಿ. ಅಷ್ಟೆ.”

“ಅವನು ಗೋಲ್ ಹೊಡೆದ್ರೆ?”

ಮರ್ವ್ ಮೀಸೆ ತಿರುವಿದ. “ಹೊಡೆದ್ರೆ ಏನ್ಮಾಡ್ಲಿ, ಕಣ್ಣು ಮುಚ್ಕೊಳ್ಲಾ?”

“ನಮ್ಮ ಗೋಲಿಗೆ ಹೊಡೆದಾಗ, ನನ್ನ ಪಕ್ಕದಲ್ಲಿ, ನಮ್ಮ ಸೀಟಲ್ಲಿ ನಿಂತು ನೀನು ಕೂಗ್ತೀಯ.”

“ಮತ್ತೆ ಬ್ರಿಸ್ಸನ್ ಹೊಡೆದ್ರೆ? ನೀನು ಸುಮ್ನೆ ಕೂರ್ತೀಯಾ?”

“ಕೂರ್ತೀನಿ.”

“ಲೋರ್ನ್.”

“ಕೂರ್ತೀನಿ ಅಂದ್ನಲ್ಲ.”

“ನೀನು ನಿಂತ್ಕೊಂಡು ಕೂಗ್ತೀಯ ಕಣೋ. ಹ್ಯಾಲ್ಡೇನನ ದವಡೆ ಮುರಿದ ಕೈಗೆ ಚಪ್ಪಾಳೆ ತಟ್ಟೋನು ನೀನು. ಯಾಕೆ ಅಂದ್ರೆ ಅವನ ಮೈಮೇಲೆ ನೀಲಿ ಬಟ್ಟೆ ಇದೆ. ನಾನು ಮನುಷ್ಯನ ಹಿಂದೆ ಹೋಗ್ತಿದೀನಿ, ನೀನು ಬಟ್ಟೆ ಹಿಂದೆ. ಯಾರು ದಡ್ಡ ಹೇಳು.”

ರಸ್ತೆ ಬದಿಯಲ್ಲಿ ಯಂತ್ರ ನಿಲ್ಲಿಸಿಕೊಂಡು ನಿಂತಿದ್ದು ಲೋರ್ನನಿಗೆ ನೆನಪಾಯಿತು. ಇವನಿಗೆ ಹೇಗೆ ಗೊತ್ತಾಯಿತು? ಅವನು ಯಾರಿಗೂ ಹೇಳಿರಲಿಲ್ಲ. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಬಂತು.

“ಬಟ್ಟೆ ಅಲ್ಲ. ತಂಡ,” ಎಂದ.

“ತಂಡ ಅಂದ್ರೆ ಏನು? ಸುಮ್ನೆ ಕೇಳ್ತಿದೀನಿ, ಹೇಳು. ಮಾಲೀಕ ಹಳಬನಲ್ಲ. ಕೋಚ್ ಹೊಸಬ. ಅಂಗಣ ಕೆಡವಿ ಕಟ್ಟಿದ್ರು. ಜರ್ಸಿ ನೀಲಿ ಕೂಡ ಹಳೇ ನೀಲಿ ಅಲ್ಲ, ಡಾರ್ಲೀನನ್ನ ಕೇಳು. ಆಟಗಾರರು ಅಂತೂ ಛತ್ರದಲ್ಲಿ ಊಟಕ್ಕೆ ಕೂತೋರ ಹಾಗೆ, ಒಂದು ಪಂಕ್ತಿ ಏಳುತ್ತೆ, ಇನ್ನೊಂದು ಕೂರುತ್ತೆ. ಹಾಗಾದ್ರೆ ಉಳಿದಿರೋದು ಯಾವುದು, ನೀನು ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿರೋದು?”

ಡಾರ್ಲೀನ್ ಕೊಂಡಿ ಕೆಳಗಿಟ್ಟು ತಲೆ ಎತ್ತಿದಳು. ಅವಳಿಗೂ ಉತ್ತರ ಬೇಕಿದ್ದಂತೆ ಕಂಡಿತು.

ಉತ್ತರ ಲೋರ್ನನ ಬಾಯಿಗೆ ಬಂತು. ನಿಜವಾಗಿಯೂ ಬಂತು. ಆ ಪೆಟ್ಟಿಗೆಯ ಹಿಂದಿನ ಎರಡು ಸೀಟು, ಗಾಜಿನ ಮೇಲೆ ಬೆರಳಲ್ಲಿ ಬಡಿದು ಎದುರಾಳಿಯನ್ನು ಕೆಣಕುವ ಮರ್ವ್, ಎರಡನೆಯ ವಿರಾಮದಲ್ಲಿ ಅವನು ತರುವ ಅರ್ಧ ಚೆಲ್ಲಿದ ಕಾಫಿ, ಸೋತ ರಾತ್ರಿ ಕಾರಿನಲ್ಲಿ ಊರು ಮುಟ್ಟುವ ತನಕ ಇಬ್ಬರೂ ಆಡದ ಮಾತು. ಉಳಿದಿರೋದು ನಾವಲ್ವೇನೋ, ನೀನು ನಾನು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಗಂಡಸು ಗಂಡಸಿಗೆ ಅಂಥದ್ದನ್ನು ಹೇಳುವುದು ಹೇಗೆ, ಅದೂ ಅವನ ಮೈಮೇಲೆ ಹಸಿರು ಅಂಗಿ ಇರುವಾಗ? ನಾಲಿಗೆ ಆ ಮಾತಿನ ಹತ್ತಿರ ಹೋಗಿ ಬೇರೆ ಕಡೆಗೆ ತಿರುಗಿತು.

“ಹೋಗು ಹಾಗಾದ್ರೆ. ನೀನೂ ಕರಾರು ಮುಗಿದೋನೇ. ನಿಂಗೂ ಜುಲೈ ಒಂದು ಬಂತು ಅಂದ್ಕೋ. ಯಾರು ಕರೀತಾರೋ ಅಲ್ಲಿ ಹೋಗಿ ಕೂತ್ಕೋ.”

ಮರ್ವ್ ಬಾಯಿಗೆ ಒಯ್ಯುತ್ತಿದ್ದ ಬಿಯರ್ ಡಬ್ಬಿಯನ್ನು ಕೆಳಗಿಳಿಸಿದ.

“ನಿಜ ಹೇಳ್ತಿದೀಯಾ?” ಎಂದ ಮರ್ವ್.

“ಆ ಅಂಗಿ ಹಾಕ್ಕೊಂಡು ನನ್ನ ಪಕ್ಕ ಒಂದು ದಿನಾನೂ ಕೂರಬೇಡ. ನಿಜಾನೇ ಹೇಳ್ತಿದೀನಿ.”

“ಲೋರ್ನ್, ಬಾಯಿ ಮುಚ್ಚು,” ಎಂದಳು ಡಾರ್ಲೀನ್.

ಮರ್ವ್ ಎದ್ದ. ಅರ್ಧ ಉಳಿದಿದ್ದ ಬಿಯರ್ ಡಬ್ಬಿಯನ್ನು ಮೇಜಿನ ಮೇಲೆ, ಜರ್ಸಿಗೆ ತಾಗದ ಹಾಗೆ ಇಟ್ಟ. ಕೂತಿದ್ದ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದ. ತಂಗಿಯ ಭುಜ ಮುಟ್ಟಿದ. ಲೋರ್ನನ ಪಕ್ಕದಿಂದಲೇ ದಾಟಿ, ಬಿಸಿಲಿಗೆ ಇಳಿದು ಮೂಲೆಯ ಕಡೆ ನಡೆದ. ಬೆನ್ನ ಮೇಲೆ ಹಸಿರಿನಲ್ಲಿ ಬಿಳಿ ಅಕ್ಷರ: ಹ್ಯಾಲ್ಡೇನ್. ಹೊಸ ಹೊಲಿಗೆ, ಒಂದು ನೂಲೂ ಎದ್ದಿರಲಿಲ್ಲ.

ಲೋರ್ನನಿಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಅವರ ಜಗಳಗಳಿಗೆ ಒಂದು ಕ್ರಮ ಇತ್ತು. ಮಾತು ಮಿತಿ ಮೀರಿದರೆ ಮರ್ವ್ ಎದ್ದು ಮೂಲೆಯ ಪೆಟ್ರೋಲ್ ಬಂಕಿಗೆ ಹೋಗಿ ಒಂದು ಚೀಲ ಐಸ್ ತರುತ್ತಿದ್ದ. ತಂದು, ಬಿಯರ್ ಇಟ್ಟ ತೊಟ್ಟಿಗೆ ದಡಬಡ ಸುರಿಯುತ್ತಿದ್ದ. ಅಲ್ಲಿಗೆ ಜಗಳ ಮುಗಿಯಿತು. ತಪ್ಪಾಯ್ತು ಅನ್ನುವ ಮಾತು ಇಬ್ಬರ ಬಾಯಲ್ಲೂ ಯಾವತ್ತೂ ಬಂದಿದ್ದಿಲ್ಲ. ಐಸೇ ಅದನ್ನು ಹೇಳುತ್ತಿತ್ತು.

“ಹೋಗಿ ಕರ್ಕೊಂಡು ಬಾ,” ಎಂದಳು ಡಾರ್ಲೀನ್.

“ಐಸ್ ತರೋಕೆ ಹೋಗಿದಾನೆ.”

ಅವಳು ಗಂಡನ ಮುಖ ನೋಡಿದಳು, ಆಮೇಲೆ ತೊಟ್ಟಿ ನೋಡಿದಳು. ಬೆಳಿಗ್ಗೆ ಅವಳೇ ತುಂಬಿಸಿದ್ದ ಐಸ್ ಅಂಚಿನ ತನಕ ಹಾಗೇ ಇತ್ತು. ಒಲೆ ಆರಿಸಿ ಒಳಗೆ ಹೋದಳು.

ಲೋರ್ನ್ ಸ್ಟೂಲಿನ ಮೇಲೆ ಕೂತ. ಸುಮ್ಮನಿರಲಾರದೆ ಕೊಂಡಿ ತೆಗೆದುಕೊಂಡು ಎರಡನೆಯ ಅಕ್ಷರಕ್ಕೆ ಹಾಕಿದ. ನೂಲು ಕಿತ್ತು ಬಂತು, ಅಕ್ಷರ ಬಂತು, ಅದರ ಕೆಳಗೆ ನೀಲಿ ಬಟ್ಟೆಯ ಮೇಲೆ ಅದೇ ಆಕಾರದಲ್ಲಿ ಜೋಡಿ ಹೊಲಿಗೆಯ ತೂತುಗಳು ಕಂಡವು. ಅಕ್ಷರ ಇಲ್ಲದಿದ್ದರೂ ಓದಬಹುದಿತ್ತು. ಇದನ್ನು ಯಾಕೆ ಕೀಳುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗಲಿಲ್ಲ. ಕಿತ್ತ ಅಕ್ಷರವನ್ನು ಅದರ ಜಾಗದಲ್ಲೇ ಇಟ್ಟು ಅಂಗೈಯಿಂದ ಒತ್ತಿದ. ಕೈ ತೆಗೆದಾಗ ಅದು ಸೊಟ್ಟಗಾಯಿತು. ಗೋಡೆಯ ಮೊಳೆಯಲ್ಲಿ ಬಿಳಿ ಪಟ್ಟಿಯ ಸುರುಳಿ ನೇತಾಡುತ್ತಿತ್ತು. ಅದರ ಮೇಲೆ ಈ ಸಲ ಯಾರ ಹೆಸರು ಬರೆಯುವುದು?

ಫೋನ್ ಬಡಿಯಿತು.

“ಬೆಳಿಗ್ಗೆ ಮಾತಾಡಿದ್ನಲ್ಲ ಸರ್, ಎರಡು ಸೀಟಿನ ವಿಷಯ. ನೀವಿಬ್ರೂ ಮುಂದುವರಿಸ್ತೀರಾ?”

“ಸ್ವಲ್ಪ ಇರಮ್ಮ,” ಎಂದ ಲೋರ್ನ್. “ಇನ್ನೊಬ್ಬ ಐಸ್ ತರೋಕೆ ಹೋಗಿದಾನೆ. ಬಂದ ಕೂಡ್ಲೇ ಹೇಳ್ತೀನಿ.”

“ಅವರ ಪರವಾಗಿ ನೀವೇ ಹೂಂ ಅಂದ್ರೂ ಆಗುತ್ತೆ ಸರ್. ಪ್ರತಿ ವರ್ಷ ನೀವೇ ಹೇಳ್ತೀರಿ ಅಂತ ಇಲ್ಲಿ ಇದೆ.”

ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು. ಇಷ್ಟು ವರ್ಷ ಯೋಚಿಸದೆ ಅಂದಿದ್ದ. ಈಗ ಬಾಯಿ ತೆರೆದರೆ ಬರಲಿಲ್ಲ. ಹೋಗು ಎಂದವನು ತಾನೇ. ಅದೇ ಬಾಯಲ್ಲಿ ಅವನ ಪರವಾಗಿ ಇರುತ್ತಾನೆ ಎನ್ನುವುದು ಹೇಗೆ?

“ಇಲ್ಲ,” ಎಂದ. “ಅವನೇ ಹೇಳ್ಬೇಕು.”

ಫೋನನ್ನು ಕಿವಿಗೆ ಹಿಡಿದುಕೊಂಡೇ ಅವನು ಗ್ಯಾರೇಜಿನ ಬಾಯಿಗೆ ಬಂದು ನಿಂತ. ರಸ್ತೆ ಮೂಲೆಯ ತನಕ ಕಾಣುತ್ತಿತ್ತು. ಪೆಟ್ರೋಲ್ ಬಂಕಿನ ಹೊರಗೆ ಐಸ್ ಇಡುವ ಬಿಳಿ ಪೆಟ್ಟಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಹುಡುಗಿ ಬಹಳ ಹೊತ್ತು ಕಾದಳು, ಒಳ್ಳೆಯ ಹುಡುಗಿ. ಆಮೇಲೆ, “ಐದಾಯ್ತು ಸರ್, ಸೀಟು ಬಿಟ್ಟಂತೆ ಬರ್ಕೋತೀನಿ,” ಎಂದಳು.

ಅವನು ಕತ್ತಲಾಗುವ ತನಕ ಬಾಗಿಲು ಎಳೆಯಲಿಲ್ಲ. ತೊಟ್ಟಿಯ ಐಸ್ ಕರಗಿ ನೀರಾಯಿತು. ಮರ್ವ್ ಬರಲಿಲ್ಲ.